ಕೌಂಟಿಯ ಮಧ್ಯಾಂಕ ಆದಾಯ: ಸಮೀಕ್ಷೆ ಎಷ್ಟು, ಮಾಡೆಲ್ ಎಷ್ಟು?

ಅಮೆರಿಕದಲ್ಲಿ 3,140ಕ್ಕೂ ಹೆಚ್ಚು ಕೌಂಟಿಗಳಿವೆ, ನಮ್ಮ ಜಿಲ್ಲೆಗಳಂತೆ ರಾಜ್ಯದೊಳಗಿನ ಆಡಳಿತ ಭಾಗಗಳು. ಗಾತ್ರದಲ್ಲಿ ಒಂದಕ್ಕೂ ಇನ್ನೊಂದಕ್ಕೂ ತಾಳಮೇಳವಿಲ್ಲ. 2020ರ ಜನಗಣತಿಯ ಪ್ರಕಾರ ಲಾಸ್ ಏಂಜಲಿಸ್ ಕೌಂಟಿಯಲ್ಲಿ ಒಂದು ಕೋಟಿ ಜನ, ಟೆಕ್ಸಸ್‌ನ ಲವಿಂಗ್ ಕೌಂಟಿಯಲ್ಲಿ 64 ಜನ. ಎರಡಕ್ಕೂ ಪ್ರತಿ ವರ್ಷ ಮಧ್ಯಾಂಕ ಕುಟುಂಬ ಆದಾಯ ಎಷ್ಟೆಂದು ಅಲ್ಲಿನ ಸೆನ್ಸಸ್ ಬ್ಯೂರೋ ಹೇಳುತ್ತದೆ. ಆ ಅಂಕಿ ಬರುವುದು ಎಲ್ಲಿಂದ ಎನ್ನುವುದೇ ಈ ಟಿಪ್ಪಣಿಯ ವಿಷಯ.

ಮಧ್ಯಾಂಕ ಗೊತ್ತಿರುವುದೇ: ಎಲ್ಲ ಮನೆಗಳನ್ನೂ ಆದಾಯದ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವಿನ ಮನೆಯ ಆದಾಯ. ಇಲ್ಲಿ ಕುಟುಂಬ ಅಂದರೆ ಒಂದು ಸೂರಿನಡಿ ಇರುವವರೆಲ್ಲ. ಒಬ್ಬರೇ ಇರುವ ಮನೆಯೂ ಸೇರುತ್ತದೆ, ಬಾಡಿಗೆ ಹಂಚಿಕೊಂಡ ಗೆಳೆಯರ ಮನೆಯೂ ಸೇರುತ್ತದೆ. ನಮ್ಮ ಜಿಲ್ಲಾವಾರು ತಲಾ ಆದಾಯದ ಜೊತೆ ಇದನ್ನು ಇಟ್ಟು ನೋಡಬೇಡಿ. ಅದು ಉತ್ಪಾದನೆಯ ಲೆಕ್ಕವನ್ನು ಜನಸಂಖ್ಯೆಯಿಂದ ಭಾಗಿಸಿದ ಸರಾಸರಿ, ಜಾತಿಯೇ ಬೇರೆ.

2000ದ ಜನಗಣತಿಯವರೆಗೆ ಕೆಲವು ಮನೆಗಳಿಗೆ ಉದ್ದದ ಫಾರಂ ಕೊಟ್ಟು ಆದಾಯ ಕೇಳುತ್ತಿದ್ದರು. ಆಮೇಲೆ ಆ ಕೆಲಸ ಅಮೆರಿಕನ್ ಕಮ್ಯುನಿಟಿ ಸರ್ವೆಗೆ, ಅಂದರೆ ಎಸಿಎಸ್‌ಗೆ ಹೋಯಿತು. ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳು. ಕೇಳಲು ದೊಡ್ಡ ಸಂಖ್ಯೆಯೇ, ಆದರೆ ಸಣ್ಣ ಕೌಂಟಿಯ ಪಾಲಿಗೆ ಬರುವುದು ಬೆರಳೆಣಿಕೆಯ ಮನೆಗಳು. ಹಾಗಾಗಿ ಒಂದು ವರ್ಷದ ಎಸಿಎಸ್ ಕೋಷ್ಟಕಗಳನ್ನು 65,000 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಪ್ರದೇಶಗಳಿಗೆ ಮಾತ್ರ ಪ್ರಕಟಿಸುತ್ತಾರೆ. ಉಳಿದವುಗಳಿಗೆ ಐದು ವರ್ಷ ಒಟ್ಟುಗೂಡಿಸಿದ ಅಂಕಿ. 2018–2022 ಎಂದಿರುವುದನ್ನು 2022ರ ಆದಾಯ ಅಂತ ಬರೆದರೆ ತಪ್ಪು. ಡಾಲರ್ ಮಾತ್ರ 2022ರ ಬೆಲೆಮಟ್ಟದ್ದು, ಆದಾಯ ಐದೂ ವರ್ಷದ್ದು.

ಒಂದೇ ವರ್ಷಕ್ಕೆ, ಸಣ್ಣ ಕೌಂಟಿಗೂ ಅಂಕಿ ಬೇಕೆಂದರೆ ಸೈಪ್ (SAIPE) ಎಂಬ ಕಾರ್ಯಕ್ರಮವಿದೆ, ಸಣ್ಣ ಪ್ರದೇಶಗಳ ಆದಾಯ ಮತ್ತು ಬಡತನವನ್ನು ಸೆನ್ಸಸ್ ಬ್ಯೂರೋ ಅಂದಾಜು ಮಾಡುವುದು ಇದರಲ್ಲೇ. ಶಾಲೆಗಳಿಗೆ ಫೆಡರಲ್ ಅನುದಾನ ಹಂಚಲು ಬಡತನದ ಅಂದಾಜು ಬೇಕಾಗಿದ್ದರಿಂದ ಬೆಳೆದದ್ದು ಇದು. ಆದಾಯದ ಅಂದಾಜೂ ಅದರ ಜೊತೆಗೇ ಬರುತ್ತದೆ. ಹವಾಯಿಯ ಕಲವಾವೊ ಎಂಬ ಪುಟ್ಟ ಕೌಂಟಿಯನ್ನು ಮಾತ್ರ ಬಿಟ್ಟಿದ್ದಾರೆ.

ಇದರ ಒಳಗೆ ಎರಡು ಅಂದಾಜುಗಳಿವೆ. ಒಂದು, ಎಸಿಎಸ್‌ನ ಆ ವರ್ಷದ ನೇರ ಅಂದಾಜು. ಇನ್ನೊಂದು, ರಿಗ್ರೆಶನ್ ಹೇಳುವ ಅಂದಾಜು, ಅಂದರೆ ಗೊತ್ತಿರುವ ಬೇರೆ ಅಂಕಿಗಳಿಂದ ಆದಾಯವನ್ನು ಊಹಿಸುವ ಸಮೀಕರಣದ್ದು. ಮಾಡೆಲ್ ಅನ್ನುವುದು ಇದನ್ನೇ. ತೆರಿಗೆ ರಿಟರ್ನ್‌ಗಳಲ್ಲಿನ ಆದಾಯದ ಮಧ್ಯಾಂಕ, ಹಿಂದಿನ ಗಣತಿಯ ಮಧ್ಯಾಂಕ ಇಂಥವುಗಳಿಂದ ಅದನ್ನು ಕಟ್ಟುತ್ತಾರೆ, ಎಲ್ಲವೂ ಲಾಗ್‌ನಲ್ಲಿ (ಲಾಗರಿದಮ್‌ಗೆ ಬದಲಿಸಿ). ತೆರಿಗೆ ದಾಖಲೆಯೇ ಇರುವಾಗ ಸಮೀಕ್ಷೆ ಯಾಕೆ ಅಂದರೆ, ಆದಾಯ ತೀರಾ ಕಡಿಮೆ ಇರುವವರು ರಿಟರ್ನ್ ಸಲ್ಲಿಸಬೇಕಾಗಿಲ್ಲ, ಒಂದೇ ಮನೆಯಿಂದ ಎರಡು ರಿಟರ್ನ್ ಬರಬಹುದು. ರಿಟರ್ನ್‌ನ ನಡುವಿನದು ಮನೆಯ ನಡುವಿನದಾಗಬೇಕೆಂದಿಲ್ಲ.

ಈಗ ತಿರುಳು. ಎರಡು ಅಂದಾಜುಗಳನ್ನೂ ಬೆರೆಸುವ ವಿಧಾನಕ್ಕೆ ಸಂಖ್ಯಾಶಾಸ್ತ್ರಜ್ಞರಾದ ಫೇ ಮತ್ತು ಹೆರಿಯಟ್ 1979ರಲ್ಲಿ ಪ್ರಕಟಿಸಿದ ಲೇಖನವೇ ಮೂಲ. ಸಣ್ಣ ಊರುಗಳ ತಲಾ ಆದಾಯಕ್ಕೆಂದು ಅವರು ಮಾಡಿದ್ದು. ವೇರಿಯನ್ಸ್ ಅಂದರೆ ಅಂದಾಜು ಎಷ್ಟು ಅಲುಗಾಡಬಹುದು ಎನ್ನುವ ಅಳತೆ; ಸ್ಯಾಂಪಲಿಂಗ್ ವೇರಿಯನ್ಸ್, ಕೆಲವೇ ಮನೆಗಳನ್ನು ಕೇಳಿದ್ದರಿಂದ ಬರುವುದು. ನೇರ ಅಂದಾಜಿಗೆ ಕೊಡುವ ತೂಕ ಹೀಗೆ: ಮಾಡೆಲ್‌ನ ವೇರಿಯನ್ಸ್ ಅನ್ನು, ಅದೂ ಸ್ಯಾಂಪಲಿಂಗ್ ವೇರಿಯನ್ಸೂ ಕೂಡಿದ ಮೊತ್ತದಿಂದ ಭಾಗಿಸಬೇಕು. ಉಳಿದ ತೂಕ ರಿಗ್ರೆಶನ್‌ಗೆ.

ಲೆಕ್ಕಕ್ಕಾಗಿ ಒಂದು ಕಲ್ಪಿತ ಕೌಂಟಿ ಹಿಡಿಯೋಣ. ನೇರ ಅಂದಾಜು 42,000 ಡಾಲರ್, ಮಾರ್ಜಿನ್ ಆಫ್ ಎರರ್ (ಅಂದಾಜು ಆಚೀಚೆ ಆಗಬಹುದಾದ ಮಿತಿ) 13,800. ಸೆನ್ಸಸ್ ಬ್ಯೂರೋ ಕೊಡುವುದು ಶೇ 90ರ ಮಾರ್ಜಿನ್, ಆದ್ದರಿಂದ 1.645ರಿಂದ ಭಾಗಿಸಿ: ಸ್ಟ್ಯಾಂಡರ್ಡ್ ಎರರ್, ಅಂದರೆ ಅಂದಾಜಿನ ಅಲುಗಾಟದ ಮೂಲ ಅಳತೆ, ಸುಮಾರು 8,390. ಇದು 42,000ದ ಐದನೇ ಒಂದು ಭಾಗ. ಲಾಗ್ ಪ್ರಮಾಣದಲ್ಲಿ ಎರರ್ ಸುಮಾರು 0.2, ಅದನ್ನು ಅದರಿಂದಲೇ ಗುಣಿಸಿದರೆ ಸ್ಯಾಂಪಲಿಂಗ್ ವೇರಿಯನ್ಸ್ 0.04. ಮಾಡೆಲ್‌ನ ವೇರಿಯನ್ಸ್ 0.01 ಎಂದುಕೊಂಡರೆ ತೂಕ 0.01 ಭಾಗಿಸು 0.05, ಅಂದರೆ 0.2. ರಿಗ್ರೆಶನ್ 52,000 ಎನ್ನುತ್ತಿದ್ದರೆ ಲಾಗ್‌ನಲ್ಲಿ ಬೆರೆಸಿ ವಾಪಸ್ ತಂದಾಗ ಸಿಗುವುದು ಸುಮಾರು 49,800. ಸಮೀಕ್ಷೆಯ ಮಾತು ಐದರಲ್ಲಿ ಒಂದು ಪಾಲು ಮಾತ್ರ. ಅದೇ ದೊಡ್ಡ ಕೌಂಟಿಯಲ್ಲಿ ಎರರ್ 0.01 ಇದ್ದರೆ ತೂಕ 0.99, ಅಲ್ಲಿ ಮಾಡೆಲ್ ಇದ್ದೂ ಇಲ್ಲದಂತೆ. ಸ್ಯಾಂಪಲ್ ಒಂದೂ ಸಿಗದ ಕೌಂಟಿಯಲ್ಲಿ ಪೂರ್ತಿ ರಿಗ್ರೆಶನ್‌ನದೇ ಮಾತು.

ಪರೀಕ್ಷೆಗೆ ಸೂತ್ರ ಬರೆದು ಬಂದವರೂ ಈ ವ್ಯತ್ಯಾಸವನ್ನು ಮರೆಯುತ್ತಾರೆ. ಒಂದೇ ಕಾಲಂನಲ್ಲಿ ಕೂತಿರುವ ಎರಡು ಅಂಕಿಗಳಲ್ಲಿ ಒಂದು ಬಹುಪಾಲು ಅಳೆದದ್ದು, ಇನ್ನೊಂದು ಬಹುಪಾಲು ಊಹಿಸಿದ್ದು. ಸಣ್ಣ ಕೌಂಟಿಗಳನ್ನು ಮೊದಲನೆಯದು, ಎರಡನೆಯದು ಅಂತ ಸಾಲುಗಟ್ಟಿಸುವ ನಕ್ಷೆಗಳು ನನಗಂತೂ ಹಿಡಿಸುವುದಿಲ್ಲ.

ಇನ್ನು ಪಕ್ಕದ ಎರಡು ಕೌಂಟಿಗಳ ಮಧ್ಯಾಂಕ ಕೂಡಿಸಿ ಎರಡರಿಂದ ಭಾಗಿಸುವ ಚಾಳಿ ಬಿಡಿ. ಆದಾಯ ವರ್ಗಗಳ ಕೋಷ್ಟಕ ಬಿ19001ರಿಂದ ಎರಡರ ಮನೆಗಳನ್ನೂ ವರ್ಗವಾರು ಕೂಡಿಸಿ, ಅರ್ಧ ಮನೆಗಳು ಮುಗಿಯುವ ವರ್ಗ ಹುಡುಕಿ, ಅದರೊಳಗೆ ಇಂಟರ್‌ಪೊಲೇಶನ್ ಮಾಡಿ, ಅಂದರೆ ನಟ್ಟನಡುವಿನ ಮನೆ ಆ ವರ್ಗದ ಎರಡು ಗಡಿಗಳ ನಡುವೆ ಎಲ್ಲಿ ಬೀಳುತ್ತದೆಂದು ಅನುಪಾತದಿಂದ ಲೆಕ್ಕ ಹಾಕಿ. ವರ್ಷಗಳನ್ನು ಹೋಲಿಸುವ ಮೊದಲು ಗಡಿಯನ್ನೂ ನೋಡಿಕೊಳ್ಳಿ: ಕನೆಕ್ಟಿಕಟ್‌ನ ಎಂಟು ಕೌಂಟಿಗಳ ಜಾಗದಲ್ಲಿ 2022ರ ಎಸಿಎಸ್‌ನಿಂದ ಒಂಬತ್ತು ಯೋಜನಾ ಪ್ರದೇಶಗಳು ಬಂದಿವೆ, ಹಳೆಯ ಸಾಲಿಗೆ ಹೊಸ ಅಂಕಿ ಜೋಡಿಸಲು ಬರುವುದಿಲ್ಲ.