ಮಲಗಿಕೊಂಡೇ ತುಂಬುವ ಬಂದೂಕು

1850ರ ಸುಮಾರಿಗೆ ಯುರೋಪಿನ ಹೆಚ್ಚಿನ ಸೈನಿಕರು ಎದ್ದು ನಿಂತೇ ಬಂದೂಕು ತುಂಬಬೇಕಿತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಉದ್ದನೆಯ ಸಲಾಕೆಯಿಂದ ತಳದವರೆಗೆ ಜಡಿಯಬೇಕು. ಆಮೇಲೆ ಹಿಂದುಗಡೆ ಕೇಪು, ಅಂದರೆ ಕಿಡಿ ಹಾರಿಸುವ ಪುಟ್ಟ ಲೋಹದ ಟೊಪ್ಪಿ, ಸಿಕ್ಕಿಸಬೇಕು. ನಿಮಿಷಕ್ಕೆ ಎರಡೋ ಮೂರೋ ಗುಂಡು ಹಾರಿಸಿದರೆ ಅವನು ಪಳಗಿದ ಸೈನಿಕ. ಅಷ್ಟು ಹೊತ್ತೂ ಎದುರಿನವನಿಗೆ ಅವನ ಎದೆ ಕಾಣುತ್ತಲೇ ಇರುತ್ತದೆ!

ಇದನ್ನು ಬದಲಿಸಿದವನು ಜರ್ಮನಿಯ ಸೊಮರ್ಡಾ ಊರಿನ ಯೋಹಾನ್ ನಿಕೋಲಸ್ ಡ್ರೈಸೆ. ಬೀಗ ಮಾಡುವವನ ಮಗ. ಯುವಕನಿದ್ದಾಗ ಪ್ಯಾರಿಸ್‌ಗೆ ಹೋಗಿ ಪೌಲಿ ಎಂಬ ಸ್ವಿಸ್ ಬಂದೂಕು ತಯಾರಕನ ಬಳಿ ಕೆಲಸ ಕಲಿತಿದ್ದ. ನಳಿಗೆಯ ಹಿಂಭಾಗದಿಂದ ತೋಟಾ ತುಂಬುವ ಹುಚ್ಚು ಅಲ್ಲೇ ಹತ್ತಿರಬೇಕು. 1836ರ ಹೊತ್ತಿಗೆ ಅವನ ಬಂದೂಕು ಸಿದ್ಧವಾಗಿತ್ತು. ಬಾಗಿಲ ಚಿಲಕದ ಹಾಗೆ ಹಿಡಿಯನ್ನು ಎತ್ತಿ, ಹಿಂದಕ್ಕೆ ಎಳೆದು, ತೋಟಾ ಇಟ್ಟು, ಮುಂದಕ್ಕೆ ತಳ್ಳಿ ತಿರುಗಿಸಿದರೆ ಮುಗೀತು. ನೆಲಕ್ಕೆ ಅಂಟಿಕೊಂಡು ಮಲಗಿದವನೂ ಆರಾಮಾಗಿ ಮಾಡಬಹುದು.

ಜರ್ಮನ್ ರಾಜ್ಯಗಳಲ್ಲಿ ಒಂದಾದ ಪ್ರಶ್ಯದ ಸರ್ಕಾರ 1840ರ ಕೊನೆಯಲ್ಲಿ 60,000 ಬಂದೂಕು ಮಾಡಿಕೊಡಲು ಹೇಳಿತು. ಗುಟ್ಟು ಬಯಲಾಗಬಾರದಲ್ಲ, ಅದಕ್ಕೇ ಕಡತದಲ್ಲಿ ‘ಹಗುರ ಕೇಪು ಬಂದೂಕು’ ಎಂದು ಹೆಸರಿಟ್ಟರು. ತೂಕ ನೋಡಿದರೆ ಸುಮಾರು 4.7 ಕಿಲೋ!

ಇದರ ತೋಟಾವನ್ನು ಬಿಚ್ಚಿ ನೋಡಬೇಕು. ಹೊರಗೆ ಕಾಗದದ ಸುರುಳಿ, ಒಳಗೆ ಹಿಂದೆ ಮದ್ದು. ಮುಂದೆ ಅರೆದ ಕಾಗದದಿಂದ ಮಾಡಿದ ಗಟ್ಟಿ ಬಟ್ಟಲು, ಅದರೊಳಗೆ ಮೊಟ್ಟೆಯಾಕಾರದ ಸೀಸದ ಗುಂಡು. ಕಿಡಿ ಹೊತ್ತಿಸುವ ಮದ್ದು ಇರುವುದು ಆ ಬಟ್ಟಲಿನ ತಳದಲ್ಲಿ, ಅಂದರೆ ತೋಟಾದ ನಡುಭಾಗದಲ್ಲಿ. ಟ್ರಿಗರ್ ಒತ್ತಿದಾಗ ಉದ್ದನೆಯ ಉಕ್ಕಿನ ಸೂಜಿಯೊಂದು ಹಿಂದಿನ ಕಾಗದವನ್ನು ತೂತು ಮಾಡಿ, ಮದ್ದಿನ ಉದ್ದಕ್ಕೂ ನುಗ್ಗಿ ಅಲ್ಲಿಗೆ ಚುಚ್ಚುತ್ತದೆ. ಸೂಜಿ ಬಂದೂಕು ಎಂಬ ಹೆಸರು ಬಂದದ್ದು ಹೀಗೆ.

ಬಂದೂಕಿನ ಪೀಡೆಯೂ ಇದೇ ಸೂಜಿ. ಪ್ರತಿ ಸಲವೂ ಅದು ಉರಿಯುವ ಮದ್ದಿನ ನಟ್ಟನಡುವೆ ಸಿಕ್ಕಿಕೊಳ್ಳುತ್ತದೆ. ಬೆಂದು, ಸವೆದು, ಒಂದು ದಿನ ಮುರಿಯುತ್ತದೆ. ಸೈನಿಕರು ಬದಲಿ ಸೂಜಿಗಳನ್ನು ಜೊತೆಗೇ ಇಟ್ಟುಕೊಂಡಿರುತ್ತಿದ್ದರು. ಇನ್ನೊಂದು ತೊಂದರೆ ಹೊಗೆಯದು. ಚಿಲಕ ನಳಿಗೆಗೆ ಕೂರುವ ಜಾಗದಲ್ಲಿ ಲೋಹಕ್ಕೆ ಲೋಹ ತಾಗುತ್ತಿತ್ತು, ಅಷ್ಟೇ. ಅದು ಸವೆದಂತೆ ಬಿಸಿ ಅನಿಲ ಸಂದಿಯಿಂದ ಹೊರಗೆ ಚಿಮ್ಮುತ್ತಿತ್ತು. ಕೆನ್ನೆ ಪಕ್ಕದಲ್ಲೇ!

ಆದರೂ ಯುದ್ಧದಲ್ಲಿ ಅದು ಗೆದ್ದಿತು. 1864ರ ಜುಲೈ 3ರಂದು ಲುಂಡ್ಬಿ ಎಂಬಲ್ಲಿ ಡೆನ್ಮಾರ್ಕಿನ ಪಡೆ ಪ್ರಶ್ಯದವರ ಮೇಲೆ ಸಾಲುಗಟ್ಟಿ ನುಗ್ಗಿತು. ಆ ದಾಳಿ ಮುಗಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪ್ರಶ್ಯದ ಕಡೆ ಗಾಯಗೊಂಡವರು ಮೂರೇ ಜನ. ಸರಿಯಾಗಿ ಎರಡು ವರ್ಷದ ನಂತರ, ಈಗಿನ ಚೆಕ್ ದೇಶದಲ್ಲಿರುವ ಕೂನಿಗ್ರೇಟ್ಸ್‌ನಲ್ಲಿ ಆಸ್ಟ್ರಿಯಾದ ಸರದಿ. ಆಸ್ಟ್ರಿಯಾದ ಲೊರೆಂಟ್ಸ್ ಬಂದೂಕಿನ ಗುಂಡು ಹೆಚ್ಚು ದೂರ ಹೋಗುತ್ತಿತ್ತು, ಫಿರಂಗಿಗಳೂ ಚೆನ್ನಾಗಿದ್ದವು. ಆದರೆ ಹತ್ತಿರ ಬಂದು ಬಂದೂಕಿನ ತುದಿಯ ಬಯೊನೆಟ್‌ನಲ್ಲಿ ತಿವಿಯುವುದೇ ಅವರ ಯುದ್ಧಪಾಠ. ಸೂಜಿ ಬಂದೂಕಿಗೆ ಬೇಕಾಗಿದ್ದೂ ಅದೇ. ಎಲ್ಲರೂ ಅದು ಗುಂಡು ಹಾರಿಸುವ ವೇಗದ ಬಗ್ಗೆ ಮಾತಾಡುತ್ತಾರೆ. ನನಗೇನೋ ಮಲಗಿಕೊಂಡು ತುಂಬುವ ಅನುಕೂಲವೇ ಜಾಸ್ತಿ ದೊಡ್ಡದು ಅನಿಸುತ್ತದೆ.

ಫ್ರೆಂಚರು ಸುಮ್ನೆ ಕೂರಲಿಲ್ಲ. 1866ರಲ್ಲೇ ಶಸ್ಪೋ ಬಂದೂಕು ತಂದರು. ಅದೂ ಸೂಜಿಯದೇ, ತೋಟಾವೂ ಕಾಗದದ್ದೇ. ಆದರೆ ಚಿಲಕದ ತುದಿಗೆ ರಬ್ಬರ್ ಉಂಗುರ ಹಾಕಿ ಅನಿಲ ತಡೆದರು. ಕಿಡಿಮದ್ದನ್ನು ತೋಟಾದ ತಳಕ್ಕೇ ತಂದರು, ಸೂಜಿ ಗಿಡ್ಡವಾಯಿತು. ಡ್ರೈಸೆಯ ಗುರಿಪಟ್ಟಿ (ದೂರಕ್ಕೆ ತಕ್ಕಂತೆ ಗುರಿ ಹಿಡಿಯುವ ಅಳತೆಪಟ್ಟಿ) ಸುಮಾರು 600 ಮೀಟರಿಗೆ ನಿಂತರೆ ಇದರದ್ದು 1,200ರವರೆಗೆ. ಫ್ರಾನ್ಸ್ ಮತ್ತು ಪ್ರಶ್ಯದ ಯುದ್ಧದಲ್ಲಿ, 1870ರ ಆಗಸ್ಟ್‌ನಲ್ಲಿ, ಸೇಂಟ್ ಪ್ರಿವಾ ಹಳ್ಳಿಯ ಬಯಲಿನಲ್ಲಿ ಪ್ರಶ್ಯದ ಗಾರ್ಡ್ ಪಡೆಯ ಸುಮಾರು 8,000 ಮಂದಿ ಸತ್ತರು ಇಲ್ಲವೇ ಗಾಯಗೊಂಡರು. ಯುದ್ಧವನ್ನು ಪ್ರಶ್ಯವೇ ಗೆದ್ದಿತು, ಅದಕ್ಕೆ ಜರ್ಮನಿಯ ಕ್ರುಪ್ ಕಂಪನಿಯ ಫಿರಂಗಿಗಳ ಬಲ ದೊಡ್ಡದು.

ಆದರೆ ರಬ್ಬರ್ ಬಿಸಿಗೆ ಗಡುಸಾಗಿ ಸೀಳುತ್ತಿತ್ತು. ಪರಿಹಾರ ಸಿಕ್ಕಿದ್ದು ಚಿಲಕದಲ್ಲಲ್ಲ, ತೋಟಾದಲ್ಲಿ. ಹಿತ್ತಾಳೆಯ ಕೋಶ ಸಿಡಿತದ ಕ್ಷಣದಲ್ಲಿ ಉಬ್ಬಿ ನಳಿಗೆಯ ಗೋಡೆಗೆ ಒತ್ತಿಕೊಳ್ಳುತ್ತದೆ. ಅನಿಲಕ್ಕೆ ಹಿಂದೆ ಬರಲು ದಾರಿಯೇ ಇಲ್ಲ. ಒತ್ತಡ ಇಳಿದಾಗ ತುಸು ಕುಗ್ಗುತ್ತದೆ, ಹಾಗಾಗಿ ಎಳೆದು ತೆಗೆಯುವುದೂ ಸುಲಭ. ಜರ್ಮನಿಯ 1871ರ ಮೌಸರ್ ಬಂದೂಕು ಡ್ರೈಸೆಯ ಚಿಲಕವನ್ನು ಸುಧಾರಿಸಿ ಇಟ್ಟುಕೊಂಡಿತು, ಕಾಗದವನ್ನು ಬಿಟ್ಟಿತು. ಫ್ರೆಂಚರು 1874ರಲ್ಲಿ ತಮ್ಮ ಶಸ್ಪೋಗಳನ್ನೇ ಲೋಹದ ತೋಟಾಕ್ಕೆ ಹೊಂದಿಸಿಕೊಳ್ಳತೊಡಗಿದರು.