ರಕ್ತನಾಳದ ಗಂಟಿಗೆ ಇಂಜೆಕ್ಷನ್ ಕೊಟ್ಟರೆ ಮೈಮೇಲೆ ಕಪ್ಪು ಗೆರೆ ಬೀಳುತ್ತದೆಯೇ?

ಪ್ರಶ್ನೆ: ಎಂಟು ವರ್ಷದ ಮಗಳ ಕೆನ್ನೆಯಲ್ಲಿ ಹುಟ್ಟಿನಿಂದಲೇ ಮೆತ್ತಗಿನ ನೀಲಿ ಗಂಟಿದೆ. ಇಂಜೆಕ್ಷನ್ ಕೊಟ್ಟು ಕುಗ್ಗಿಸೋಣ ಎಂದಿದ್ದಾರೆ. ಆಮೇಲೆ ಮೈಮೇಲೆ ಕಪ್ಪು ಗೆರೆ ಬೀಳುತ್ತದಂತೆ. ತಪ್ಪಿಸುವ ದಾರಿ ಇದೆಯೇ?
ಒಬ್ಬ ತಾಯಿ, ಸುರತ್ಕಲ್

ಉತ್ತರ: ಇದೆ ಅಮ್ಮ. ಮೊದಲು ಡಾಕ್ಟರ ಹತ್ತಿರ ಔಷಧದ ಹೆಸರು ಕೇಳಿ ಬರೆದುಕೊಳ್ಳಿ. ಮುಂದಿನ ಎಚ್ಚರವೆಲ್ಲ ಆ ಹೆಸರಿನ ಮೇಲಿದೆ.

ನೀವು ಕೇಳಿದ ಗೆರೆಗಳು ಬರುವುದು ಬ್ಲಿಯೋಮೈಸಿನ್ ಎಂಬ ಔಷಧದಿಂದ. ಇದನ್ನು ಒಡೆಯುವ ಕಿಣ್ವ ಚರ್ಮದಲ್ಲಿ ಬಹಳ ಕಡಿಮೆ, ರಕ್ತದೊಡನೆ ಅಲ್ಲಿಗೆ ಹೋದ ಔಷಧ ಉಳಿದುಬಿಡುತ್ತದೆ. ಹಾಗಾಗಿ ಸೂಜಿ ಕೆನ್ನೆಗೆ ಚುಚ್ಚಿದ್ದರೂ, ಬೆನ್ನು ಕೆರೆದುಕೊಂಡರೆ ಉಗುರು ಎಳೆದ ದಾರಿಯಲ್ಲೇ ಗೆರೆ ಮೂಡಬಹುದು. ಇಸಿಜಿ ಸ್ಟಿಕ್ಕರ್ ಕಿತ್ತಲ್ಲಿ ದುಂಡನೆಯ ಗುರುತು, ಪ್ಲಾಸ್ಟರ್ ಕಿತ್ತಲ್ಲಿ ಪಟ್ಟಿ. ಅಂಟಿಸುವುದನ್ನು ಆದಷ್ಟು ಕಡಿಮೆ ಮಾಡುವುದು, ಅಂಟಿಸಿದ್ದನ್ನು ಸುಮಾರು 48 ಗಂಟೆ ಕೀಳದೆ ಬಿಡುವುದು ಹಲವು ವೈದ್ಯರ ಪದ್ಧತಿ. ಅಡ್ಮಿಟ್ ಆಗುವಾಗಲೇ ನರ್ಸ್‌ಗೂ ಅರಿವಳಿಕೆ ಡಾಕ್ಟರಿಗೂ ಇದನ್ನು ನೆನಪಿಸಿ. ಥಿಯೇಟರ್ ಒಳಗೆ ನೀವಿರುವುದಿಲ್ಲ.

ಮನೆಗೆ ಬಂದ ಮೇಲೆ ನಮ್ಮೂರ ಸೆಕೆಯದೇ ಚಿಂತೆ. ಬೆವರುಸಾಲೆ, ಸೊಳ್ಳೆ ಕಡಿತ ಇದ್ದರೆ ಮಕ್ಕಳ ಕೈ ಸುಮ್ಮನಿರುತ್ತದೆಯೇ? ಹಿಂದಿನ ದಿನವೇ ಉಗುರು ಕತ್ತರಿಸಿ, ಸೊಳ್ಳೆಪರದೆ ಕಟ್ಟಿ. ಸಡಿಲವಾದ ಹತ್ತಿ ಬಟ್ಟೆ ಹಾಕಿ. ಸೊಂಟ ಬಿಗಿಯುವ ಇಲಾಸ್ಟಿಕ್ ಬೇಡ. ಸ್ನಾನಕ್ಕೆ ಪೀರೆಯ ನಾರು ಮುಟ್ಟಬೇಡಿ, ಟವೆಲಿನಿಂದ ತಿಕ್ಕದೆ ಒತ್ತಿ ಒರೆಸಿ. ಎಣ್ಣೆ ಹಚ್ಚಿ ತಿಕ್ಕುವುದು ಸದ್ಯಕ್ಕೆ ಬೇಡವೆಂದು ಅಜ್ಜಿಗೂ ಹೇಳಿಬಿಡಿ. ತುರಿಕೆ ತಡೆಯಲಾಗದಿದ್ದರೆ ಡಾಕ್ಟರ ಹತ್ತಿರ ಮಾತ್ರೆ ಕೇಳಿ.

ನಾಳವನ್ನು ಮುಚ್ಚಿಸುವ ಇನ್ನೊಂದು ಔಷಧ ಪಾಲಿಡೋಕೆನಾಲ್ ಆದರೆ ಕಥೆ ಬೇರೆ. ಮುಚ್ಚಿದ ನಾಳದಲ್ಲಿ ಸಿಕ್ಕಿಕೊಂಡ ರಕ್ತ ಒಡೆದು, ಅದರ ಕಬ್ಬಿಣ ಚರ್ಮದಲ್ಲಿ ಕೂತು ಕಂದು ಕಲೆಯಾಗಬಹುದು. ಕೈಕಾಲಿನ ಗಂಟಾದರೆ ಇಲ್ಲಿ ಒತ್ತಡದ ಬ್ಯಾಂಡೇಜ್ ಒಳ್ಳೆಯದು. ಬ್ಲಿಯೋಮೈಸಿನ್ ಕೊಟ್ಟಿದ್ದರೆ ಅದೇ ಬಿಗಿತ ಗುರುತು ಬೀಳಿಸಬಹುದು. ಹೆಸರು ಕೇಳಿ ಎಂದದ್ದು ಇದಕ್ಕೇ. ರಕ್ತ ಹೆಪ್ಪುಗಟ್ಟಿ ನಿಂತಿದ್ದರೆ ಕೆಲವು ವಾರಗಳಲ್ಲಿ ಸಣ್ಣ ಸೂಜಿಯಿಂದ ತೆಗೆಯುವುದುಂಟು, ಮರುಭೇಟಿ ತಪ್ಪಿಸಬೇಡಿ.

ಬಿಸಿಲು ಎರಡಕ್ಕೂ ಆಗದು. ಶಾಲೆಗೆ ಕೊಡೆ ಕೊಡಿ, ಪಣಂಬೂರು ಬೀಚ್ ಮುಂದಕ್ಕೆ ಹಾಕಿ.

ಇಷ್ಟಾದರೂ ಕಲೆ ಬೀಳಬಹುದು. ಹೆಚ್ಚಿನವು ತಿಂಗಳುಗಳಲ್ಲಿ ಮಾಸುತ್ತವೆ, ಕೆಲವು ಉಳಿಯುತ್ತವೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಈ ಮಾತು ಆಡಿ ಮುಗಿಸಿ. ಆದರೆ ಚುಚ್ಚಿದ ಜಾಗ ಬಿಳಿಚಿಕೊಂಡರೆ, ನೀಲಿಗಪ್ಪಾದರೆ, ಗುಳ್ಳೆ ಎದ್ದು ನೋವು ಏರುತ್ತಿದ್ದರೆ ಅದು ಕಲೆಯಲ್ಲ, ಚರ್ಮವೇ ಸಾಯುತ್ತಿರಬಹುದು. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.