ಚಿನ್ನ ಕರಗಲು ಗಾಳಿಯೂ ಬೇಕು

ಕೆಜಿಎಫ್ ಕಡೆ ಹೋದವರ ಕಣ್ಣಿಗೆ ‘ಸೈನೈಡ್ ದಿಬ್ಬ’ಗಳು ಬೀಳದೆ ಇರವು. ಅದಿರನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಕರಗಿಸಿ ಚಿನ್ನ ತೆಗೆದುಕೊಂಡು, ಮಿಕ್ಕಿದ್ದನ್ನು ಸುರಿದ ರಾಶಿಗಳವು. ಹಾಗೆ ತೆಗೆಯುವ ವಿಧಾನಕ್ಕೆ 1887ರಲ್ಲಿ ಪೇಟೆಂಟ್ ಪಡೆದವರು ಗ್ಲಾಸ್ಗೋದ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು. ಆದರೆ ಗಾಳಿಯಲ್ಲಿನ ಆಮ್ಲಜನಕವಿಲ್ಲದೆ ಸೈನೈಡಿನಲ್ಲಿ ಚಿನ್ನ ಕರಗದು ಎಂದು ರಸಾಯನಶಾಸ್ತ್ರಜ್ಞ ಎಲ್ಸ್ನರ್ 1846ರಲ್ಲೇ ತೋರಿಸಿದ್ದ. ದೊಡ್ಡ ಮೈಲಿಗಲ್ಲು ಅದೇ ಎಂದು ನನಗನ್ನಿಸುತ್ತದೆ.

ಆಮ್ಲಜನಕ ಚಿನ್ನದಿಂದ ಎಲೆಕ್ಟ್ರಾನ್ ಕಸಿಯುತ್ತದೆ. ಹಾಗೆ ಹುಟ್ಟಿದ ಅಯಾನನ್ನು ಎರಡು ಸೈನೈಡುಗಳು ಹಿಡಿದು ನೀರಿಗೆಳೆಯುತ್ತವೆ. ಲೆಕ್ಕ ಹಾಕಿದರೆ ಒಂದು ಗ್ರಾಂ ಚಿನ್ನಕ್ಕೆ ಅರ್ಧ ಗ್ರಾಂ ಸೋಡಿಯಂ ಸೈನೈಡ್, 0.04 ಗ್ರಾಂ ಆಮ್ಲಜನಕ ಸಾಕು. ತೊಡಕಿರುವುದು ಆ ಎರಡನೆಯದರಲ್ಲೇ. 25 ಡಿಗ್ರಿಯ ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳುವುದು ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಮಾತ್ರ. ಕೋಲಾರದ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಆದ್ದರಿಂದ ಇನ್ನೂ ಹತ್ತನೇ ಒಂದು ಪಾಲು ಕಡಿಮೆ. ಹಾಗಾಗಿ ಒಂದು ಮಿತಿ ದಾಟಿದ ಮೇಲೆ ಎಷ್ಟು ಸೈನೈಡ್ ಸುರಿದರೂ ವೇಗ ಹೆಚ್ಚದು. 0.05 ಶೇಕಡಾದಷ್ಟು ತೆಳು ದ್ರಾವಣ ಸಾಕು, ಗಾಳಿ ಊದುತ್ತಿರಬೇಕು, ರಾಡಿ ಕದಡುತ್ತಿರಬೇಕು.

ದ್ರಾವಣ ಕ್ಷಾರವಾಗಿರಲು ಮೊದಲು ಬೀಳಬೇಕಾದ್ದು ಸುಣ್ಣ. ಕ್ಷಾರತೆಯ ಅಳತೆಯಾದ ಪಿಎಚ್ 9.2ಕ್ಕೆ ಇಳಿದರೆ ಸೈನೈಡಿನ ಅರ್ಧ ಭಾಗ ಹೈಡ್ರೋಜನ್ ಸೈನೈಡ್ ಆಗಿ ಮಾರ್ಪಡುತ್ತದೆ. ಅದು ಆವಿಯಾಗಿ ಹಾರಿದರೆ ರಾಸಾಯನಿಕವೂ ನಷ್ಟ, ಕೆಲಸಗಾರನ ಜೀವಕ್ಕೂ ಅಪಾಯ. 10.5ರ ಮೇಲಿಟ್ಟರೆ ಕ್ಷೇಮ. ಇನ್ನು ಗಂಧಕದ ಖನಿಜಗಳ ಕಾಟ. ಕೆಜಿಎಫ್‌ನ ಮುಖ್ಯ ಅದಿರಿನ ಸಾಲಾದ ಚಾಂಪಿಯನ್ ಪದರದ ಪಶ್ಚಿಮಕ್ಕಿರುವ ಸಾಲುಗಳಲ್ಲಿ ಅವು ಹೆಚ್ಚು. ಅದರಲ್ಲೂ ಕಬ್ಬಿಣ, ಗಂಧಕ ಕೂಡಿದ ಪಿರೋಟೈಟ್ ಚಿನ್ನಕ್ಕೆ ಮೀಸಲಾದ ಆಮ್ಲಜನಕವನ್ನೆಲ್ಲ ತಾನೇ ನುಂಗಿಬಿಡುತ್ತದೆ. ಅಂಥ ಅದಿರಿಗೆ ಸೈನೈಡ್ ಹಾಕುವ ಮುನ್ನವೇ ಸುಣ್ಣ ಬೆರೆಸಿ ಕೆಲವು ಗಂಟೆ ಗಾಳಿ ಊದಿ ಅದರ ಹಸಿವು ತೀರಿಸಬೇಕು. ತಾಮ್ರವಿದ್ದರೆ ಸೈನೈಡೇ ಪೋಲು. ದಪ್ಪ ಕಣಗಳು ಕರಗಲು ದಿನಕ್ಕೂ ಮಿಕ್ಕಿ ಸಮಯ ತಗಲುವುದರಿಂದ ಹಿಂದೆ ಅವನ್ನು ಪಾದರಸ ಬಳಿದ ತಾಮ್ರದ ತಗಡಿನ ಮೇಲೆ ಮೊದಲೇ ಹಿಡಿದುಕೊಳ್ಳುತ್ತಿದ್ದರು.

ಚಿನ್ನ ಹೊತ್ತ ದ್ರಾವಣವನ್ನು ಸೋಸಿ ಸತುವಿಗೆ ಒಡ್ಡಿದರೆ ಸತು ಕರಗುತ್ತದೆ, ಚಿನ್ನ ಕೆಳಗೆ ಕೂರುತ್ತದೆ. ಇಲ್ಲಿ ಮಾತ್ರ ಅದೇ ಆಮ್ಲಜನಕ ಶತ್ರು: ಉಳಿದಿದ್ದರೆ ಸತು ವೃಥಾ ಖರ್ಚಾಗುತ್ತದೆ, ಕೂತ ಚಿನ್ನವೂ ಮತ್ತೆ ಕರಗುತ್ತದೆ. ಅದಕ್ಕೇ ಮೆರಿಲ್–ಕ್ರೋ ವಿಧಾನದಲ್ಲಿ ದ್ರಾವಣವನ್ನು ನಿರ್ವಾತ ಗೋಪುರದಲ್ಲಿ ಹಾಯಿಸಿ ಗಾಳಿ ತೆಗೆದ ಮೇಲಷ್ಟೇ ಸತುವಿನ ಪುಡಿ ಬೆರೆಸುತ್ತಾರೆ. ಸಿಕ್ಕ ಕಪ್ಪು ಕೆಸರನ್ನು ಗಂಧಕಾಮ್ಲದಲ್ಲಿ ತೊಳೆದು ಹೆಚ್ಚುವರಿ ಸತು ಬಿಡಿಸಿ, ಬೊರಾಕ್ಸ್ ಸೇರಿಸಿ ಕರಗಿಸಿದರೆ ಗಟ್ಟಿ ಸಿದ್ಧ. ಅದರಲ್ಲೂ ಒಂದಿಷ್ಟು ಬೆಳ್ಳಿ ಬೆರೆತೇ ಇರುತ್ತದೆ.